ನಾಲ್ಕು ಕಡ್ಡಿ ಸಿಗ್ನಲ್ ಇದ್ದೂ ನೆಟ್ ಇಲ್ಲ: ಬೂಸ್ಟರೋ, ಫೈಬರೋ, ಸ್ಟಾರ್‌ಲಿಂಕೋ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು ನಗರ ಹೋಬಳಿಯ ಒಂದು ಮಜರೆ. ಆರು ಮನೆ, ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಬಿಎಸ್‌ಎನ್‌ಎಲ್ ಟವರ್ ಮೂರು ಕಿಲೋಮೀಟರ್ ದೂರದಲ್ಲಿದೆ. 4ಜಿ ಆಯಿತು ಎಂದರು. ಅಂಗಳದಲ್ಲಿ ನಾಲ್ಕು ಕಡ್ಡಿ ತೋರಿಸುತ್ತದೆ, ಆದರೆ ಸಂಜೆ ಒಂದು ವಾಟ್ಸ್‌ಆ್ಯಪ್ ಫೋಟೊ ಹೋಗುವುದಿಲ್ಲ. ಒಳಮನೆಯಲ್ಲಿ ಕಡ್ಡಿಯೂ ಇಲ್ಲ. ಕರೆಂಟ್ ಹೋಗಿ ಒಂದು ಗಂಟೆಯಾದರೆ ಟವರ್ರೇ ಮಲಗುತ್ತದೆ. ಜಿಯೊ ಬೇಕೆಂದರೆ ಗುಡ್ಡ ಹತ್ತಬೇಕು. ಬೆಂಗಳೂರಿನಲ್ಲಿರುವ ಮಗನಿಗೆ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ, ನೆಟ್ ಒಂದೇ ಅಡ್ಡಿ. ಒಬ್ಬರು 6,500 ರೂಪಾಯಿಗೆ ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಹಾಕಿಕೊಡುತ್ತೇನೆ ಎನ್ನುತ್ತಾರೆ. ಕೇಬಲ್‌ನವರು ರಸ್ತೆಯಿಂದ 1.8 ಕಿ.ಮೀ. ಫೈಬರ್ ಎಳೆಯಲು 18,000 ಕೇಳುತ್ತಿದ್ದಾರೆ. ಇಷ್ಟು ಕಾದವರು ಉಪಗ್ರಹದಿಂದ ನೆಟ್ ಕೊಡುವ ಸ್ಟಾರ್‌ಲಿಂಕ್‌ಗೂ ಕಾಯಿರಿ ಎನ್ನುವವರೂ ಇದ್ದಾರೆ. ಯಾವುದು ಸರಿ? ಊರೂರಿಗೂ 4ಜಿ ಎಂಬ ಸರ್ಕಾರದ ಮಾತು ಸುಳ್ಳೇ?

ಉತ್ತರ: ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಗೋಡೆಯೊಳಗೆ ಸಿಗ್ನಲ್ ಬಾರದಿರುವುದು ಒಂದು. ಸಿಗ್ನಲ್ ಇದ್ದೂ ನೆಟ್ ಓಡದಿರುವುದು ಇನ್ನೊಂದು. ಕರೆಂಟ್ ಹೋದರೆ ಟವರ್ ನಿಲ್ಲುವುದು ಮತ್ತೊಂದು. ಬೂಸ್ಟರ್ ಮಾರುವವರು ಮೂರಕ್ಕೂ ತಮ್ಮ ಡಬ್ಬಿಯೇ ಸಾಕು ಅನ್ನುತ್ತಾರೆ. ಅದು ಮೊದಲನೆಯದಕ್ಕೆ ಅರ್ಧಂಬರ್ಧ ಉತ್ತರ, ಉಳಿದೆರಡಕ್ಕೆ ಉತ್ತರವೇ ಅಲ್ಲ. ದುಡ್ಡು ಬಿಚ್ಚುವ ಮೊದಲು ನಿಮ್ಮಲ್ಲಿ ಯಾವುದು ಎಷ್ಟು ಕೆಟ್ಟಿದೆ ಎಂದು ನೋಡಿಕೊಳ್ಳಿ. ಅದಕ್ಕೆ ಖರ್ಚಿಲ್ಲ.

ಮೊಬೈಲಿನ ಕಡ್ಡಿಗಳು ಹೇಳುವುದು ನಿಮ್ಮ ಫೋನಿಗೂ ಟವರಿಗೂ ನಡುವಿನ ರೇಡಿಯೊ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಟವರಿನಿಂದ ಆಚೆಗೆ, ಅಂದರೆ ಟವರಿನಿಂದ ಎಕ್ಸ್‌ಚೇಂಜಿಗೆ ಡೇಟಾ ಒಯ್ಯುವ ದಾರಿಯ ಬಗ್ಗೆ ಅವು ಏನೂ ಹೇಳುವುದಿಲ್ಲ. ಮಲೆನಾಡಿನ ಎಷ್ಟೋ ಟವರುಗಳಿಗೆ ಆ ದಾರಿ ಫೈಬರ್ ಅಲ್ಲ, ಗುಡ್ಡದಿಂದ ಗುಡ್ಡಕ್ಕೆ ತಟ್ಟೆ ಇಟ್ಟು ಹಾಯಿಸಿದ ಮೈಕ್ರೊವೇವ್. ತೋಟದ ತೂಬು ಅಗಲವಿದ್ದು ಕಾಲುವೆಯಲ್ಲಿ ಬರುವ ನೀರೇ ಸಣ್ಣದಾದರೆ ಏನಾಗುತ್ತದೋ ಸಂಜೆ ಏಳರ ಮೇಲೆ ನಿಮ್ಮ ಟವರಿನಲ್ಲಿ ಆಗುತ್ತಿರುವುದು ಬಹುಶಃ ಅದೇ.

ಪರೀಕ್ಷೆ ಹೀಗೆ ಮಾಡಿ. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಬಹುತೇಕ ಮಾಡೆಲ್‌ಗಳಲ್ಲಿ ಒಂದು ಪರದೆ ತೆರೆಯುತ್ತದೆ. ತೆರೆಯದಿದ್ದರೆ ಸಿಗ್ನಲ್ ಅಳೆಯುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಅಲ್ಲಿ ನೋಡಬೇಕಾದ್ದು ಎರಡು ಅಂಕಿ. ಆರ್‌ಎಸ್‌ಆರ್‌ಪಿ ಎಂಬುದು ಸಿಗ್ನಲ್ಲಿನ ಬಲ: ಮೈನಸ್ 95 ಅಥವಾ ಅದಕ್ಕಿಂತ ಮೇಲೆ (ಮೈನಸ್ 80ರ ಕಡೆಗೆ) ಇದ್ದರೆ ಚೆನ್ನಾಗಿದೆ, ಮೈನಸ್ 105ರ ಹೊತ್ತಿಗೆ ಏಗುತ್ತದೆ, ಮೈನಸ್ 115 ದಾಟಿದರೆ ಇದ್ದೂ ಇಲ್ಲದಂತೆ. ಎಸ್‌ಐಎನ್‌ಆರ್ ಎಂಬುದು ಸಿಗ್ನಲ್ ಎಷ್ಟು ಶುದ್ಧ ಎಂಬುದು: 13ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು, ಸೊನ್ನೆಯ ಹತ್ತಿರ ಬಂದರೆ ಕಡ್ಡಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಅಂಗಳದ ಒಂದೇ ಜಾಗದಲ್ಲಿ ನಿಂತು ಬೆಳಗಿನ ಜಾವ ಐದಕ್ಕೆ, ಮಧ್ಯಾಹ್ನ, ರಾತ್ರಿ ಎಂಟಕ್ಕೆ ಈ ಎರಡು ಅಂಕಿ ಮತ್ತು ನೆಟ್ ವೇಗವನ್ನು ಮೂರು ದಿನ ಬರೆದಿಡಿ. ಅಂಕಿಗಳು ಇಡೀ ದಿನ ಚೆನ್ನಾಗಿದ್ದು, ಐದಕ್ಕೆ ವೇಗ ಬಂದು ಎಂಟಕ್ಕೆ ಬರದಿದ್ದರೆ ಟವರಿನ ಮೇಲೆ ಹೊರೆ ಹೆಚ್ಚು. ಬೆಳಗಿನ ಜಾವವೂ ವೇಗವಿಲ್ಲದಿದ್ದರೆ ಆಚೆಗಿನ ಲಿಂಕೇ ಕೆಟ್ಟಿದೆ. ಈ ಎರಡೂ ಸಂದರ್ಭದಲ್ಲಿ ನೀವು ಮನೆಯಲ್ಲಿ ಕೂತು ಏನು ಕೊಂಡರೂ ಸರಿಹೋಗುವುದಿಲ್ಲ. ಅಂಕಿಯೇ ಕೆಟ್ಟದಾಗಿದ್ದರೆ ಮಾತ್ರ ಆಂಟೆನಾ ಯೋಚಿಸಬಹುದು.

ಅದೇ ಪರೀಕ್ಷೆಯಲ್ಲಿ ಫೋನು ಯಾವ ಬ್ಯಾಂಡ್ (ತರಂಗಾಂತರದ ಪಟ್ಟಿ) ಹಿಡಿದಿದೆ ಎಂದೂ ನೋಡಿ. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ 700 ಮೆಗಾಹರ್ಟ್ಸ್ (ಬ್ಯಾಂಡ್ 28) ಮತ್ತು 2100 ಮೆಗಾಹರ್ಟ್ಸ್ (ಬ್ಯಾಂಡ್ 1) ಎರಡರಲ್ಲಿ ಬರುತ್ತದೆ. 700 ಗುಡ್ಡದ ಅಂಚಿನಲ್ಲಿ ಬಾಗಿ ಕಣಿವೆಗೆ ಇಳಿಯುತ್ತದೆ, ಗೋಡೆಯನ್ನೂ ಮಳೆಯಲ್ಲಿ ನೆನೆದ ಎಲೆಗಳನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ. 2100 ಅಲ್ಲೇ ಸೋಲುತ್ತದೆ. ಹಳೆಯ, ಅಗ್ಗದ ಎಷ್ಟೋ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲವೇ ಇಲ್ಲ. ಪಕ್ಕದ ಮನೆಯವರ ಹೊಸ ಫೋನಿಗೆ ಒಳಕೋಣೆಯಲ್ಲೂ ಸಿಗ್ನಲ್ ಬಂದು ನಿಮ್ಮದಕ್ಕೆ ಬಾರದಿದ್ದರೆ ಕಾರಣ ಇದೇ ಇರಬಹುದು. ನಿಮ್ಮ ಸಿಮ್ಮನ್ನು ಅವರ ಫೋನಿಗೆ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಬೂಸ್ಟರ್. ಬೇಡ ಎಂದು ನೇರವಾಗಿಯೇ ಹೇಳುತ್ತೇನೆ. ಮೊದಲನೆಯದಾಗಿ ಅದನ್ನು ಹಾಕುವ ಅಧಿಕಾರ ಲೈಸೆನ್ಸ್ ಇರುವ ಮೊಬೈಲ್ ಕಂಪನಿಗಳಿಗಷ್ಟೇ ಇದೆ. ಖಾಸಗಿಯವರು ಅನುಮತಿಯಿಲ್ಲದೆ ಇಟ್ಟುಕೊಂಡರೆ ಮುಟ್ಟುಗೋಲು, ದಂಡ ಎರಡೂ ಉಂಟು. ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಕಾನೂನುಬದ್ಧವಾಗುವುದಿಲ್ಲ. ಎರಡನೆಯದಾಗಿ, ಅದು ಕೆಲಸ ಮಾಡುವ ಬಗೆಯಲ್ಲೇ ಅಪಾಯವಿದೆ. ಸೂರಿನ ಮೇಲಿನ ಆಂಟೆನಾ ಸಿಗ್ನಲ್ ಹಿಡಿಯುತ್ತದೆ, ಡಬ್ಬಿ ಅದನ್ನು ಹಿಗ್ಗಿಸುತ್ತದೆ, ಒಳಗಿನ ಆಂಟೆನಾ ಹರಡುತ್ತದೆ. ಹೆಂಚಿನ ಮನೆಯಲ್ಲಿ ಈ ಎರಡು ಆಂಟೆನಾಗಳ ನಡುವೆ ಸಾಕಷ್ಟು ತಡೆ ಇರುವುದಿಲ್ಲ. ಒಳಗಿನದು ಹರಡಿದ್ದನ್ನು ಮೇಲಿನದು ಮತ್ತೆ ಹಿಡಿಯುತ್ತದೆ, ಮೈಕಿನ ಮುಂದೆ ಸ್ಪೀಕರ್ ಇಟ್ಟಾಗಿನ ಹಾಗೆ ಡಬ್ಬಿ ಕೂಗತೊಡಗುತ್ತದೆ. ಆ ಕೂಗು ನೇರ ಟವರಿಗೆ ಹೋಗುತ್ತದೆ. ಟವರಿನ ಕಿವಿಯಲ್ಲಿ ಗದ್ದಲ ತುಂಬಿದರೆ ದೂರದ ಮನೆಗಳ ಫೋನು ಹೇಳುವುದು ಅದಕ್ಕೆ ಕೇಳುವುದಿಲ್ಲ. ಒಂದು ಮನೆಯ ಡಬ್ಬಿಯಿಂದ ಮೂರು ಊರಿನ ಕರೆ ಕಡಿಯಬಹುದು, ಯಾರಿಗೂ ಕಾರಣ ಗೊತ್ತಾಗುವುದಿಲ್ಲ.

ಅದರ ಬದಲು ಕಾನೂನಿನ ಚೌಕಟ್ಟಿನೊಳಗೇ ಇರುವ ದಾರಿ, ಸಿಮ್ ಹಾಕುವ 4ಜಿ ರೂಟರ್ ಮತ್ತು ಹೊರಗಿನ ಆಂಟೆನಾ. ಇಲ್ಲಿ ಹಿಗ್ಗಿಸುವ ಯಂತ್ರವಿಲ್ಲ, ರೂಟರ್ ನಿಮ್ಮ ಫೋನಿನಂತೆಯೇ ಒಂದು ಸಾಧನ. ಎರಡು ಎಲ್‌ಪಿಡಿಎ ಆಂಟೆನಾ (ಮೀನಿನ ಮುಳ್ಳಿನಂತೆ ಕಾಣುವಂಥವು, 698ರಿಂದ 2700 ಮೆಗಾಹರ್ಟ್ಸ್ ಎಂದು ಬರೆದಿರಬೇಕು) ಒಂದು ಕಂಬಕ್ಕೆ ಹಾಕಿ, ಒಂದನ್ನು 45 ಡಿಗ್ರಿ ಎಡಕ್ಕೆ, ಇನ್ನೊಂದನ್ನು 45 ಡಿಗ್ರಿ ಬಲಕ್ಕೆ ವಾಲಿಸಿ ಟವರಿನ ಕಡೆ ತಿರುಗಿಸಬೇಕು. ಇದರಲ್ಲಿ ಎಲ್ಲರೂ ಎಡವುವುದು ಕೇಬಲ್ ವಿಷಯದಲ್ಲಿ. ಅಂಗಡಿಯವರು ಕೊಡುವ ತೆಳು ಕಪ್ಪು ಕೇಬಲ್ 2100ರಲ್ಲಿ ಮೀಟರಿಗೆ ಮುಕ್ಕಾಲು ಡೆಸಿಬೆಲ್‌ನಷ್ಟು (ಡಿಬಿ, ಸಿಗ್ನಲ್ ಏರಿಳಿತದ ಅಳತೆ) ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಆಂಟೆನಾ ಗಳಿಸಿಕೊಟ್ಟದ್ದರಲ್ಲಿ ಬಹುಪಾಲು ಕೇಬಲ್ಲೇ ನುಂಗಿತು. ಹಾಗಾಗಿ ಆಂಟೆನಾ ಒಳಗೇ ಇರುವ, ಕಂಬದ ಮೇಲೆಯೇ ಕೂರುವ ಹೊರಾಂಗಣ ರೂಟರ್ ವಾಸಿ. ಅದರಿಂದ ಮನೆಯೊಳಗೆ ಬರುವುದು ಕರೆಂಟ್ ಮತ್ತು ಡೇಟಾ ಎರಡನ್ನೂ ಒಯ್ಯುವ ಮಾಮೂಲಿ ನೆಟ್‌ವರ್ಕ್ ಕೇಬಲ್, ನೂರು ಮೀಟರ್‌ವರೆಗೆ ತೊಂದರೆಯಿಲ್ಲ. ಬ್ಯಾಂಡ್ 28 ಇದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿಯೇ ಕೊಳ್ಳಿ. ಕಂಬಕ್ಕೆ ಅರ್ಥಿಂಗ್ ಕಡ್ಡಾಯ. ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ಸುಟ್ಟುಹೋಗುವುದು ಇಂಥವೇ.

ನಿಮ್ಮ ವಿಷಯದಲ್ಲಿ ನಾನಾದರೆ ಆ ರೂಟರನ್ನು ಬಿಎಸ್‌ಎನ್‌ಎಲ್‌ಗೆ ಅಲ್ಲ, ಜಿಯೊಗೆ ಹಾಕಿ ನೋಡುತ್ತೇನೆ. ಗುಡ್ಡ ಹತ್ತಿದರೆ ಸಿಗುತ್ತದೆ ಎಂದಿದ್ದೀರಿ. ಗುಡ್ಡ ನಿಮ್ಮದೇ ಬ್ಯಾಣವಾಗಿದ್ದು (ಹುಲ್ಲುಗಾವಲು) ಮನೆಯಿಂದ ನೂರು ಮೀಟರ್ ಒಳಗೆ ಸಿಗ್ನಲ್ ಸಿಗುವ ಜಾಗ ಇದ್ದರೆ, ಕಂಬ ಅಲ್ಲಿ, ಕೇಬಲ್ ಮನೆಗೆ. ಆದರೆ ಇದು ಮುಖ್ಯ ಸಂಪರ್ಕಕ್ಕಲ್ಲ, ಫೈಬರ್ ಕಡಿದ ದಿನಕ್ಕೆ.

ಮುಖ್ಯ ಸಂಪರ್ಕ ಫೈಬರೇ ಆಗಬೇಕು. ಕೇಳಿದ ಬೆಲೆ ಮೀಟರಿಗೆ ಹತ್ತು ರೂಪಾಯಿ ಬಿತ್ತು, ಕೂಲಿ ಸೇರಿದ್ದರೆ ಅನ್ಯಾಯದ ದರವಲ್ಲ. ಆದರೆ ಆ ಹಣಕ್ಕೆ ಏನು ಕೊಡುತ್ತಾರೆ ಎಂಬುದರ ಮೇಲೆ ನಿಮ್ಮ ಮುಂದಿನ ಐದು ಮಳೆಗಾಲ ನಿಂತಿದೆ. ಎಕ್ಸ್‌ಚೇಂಜಿನಿಂದ ಹೊರಡುವ ಬೆಳಕು ಸುಮಾರು ಪ್ಲಸ್ 4 ಡಿಬಿಎಂ (ಬೆಳಕಿನ ಬಲದ ಅಳತೆ) ಎಂದುಕೊಳ್ಳಿ. ದಾರಿಯಲ್ಲಿ ಒಂದನ್ನು ಎಂಟಾಗಿ ಒಡೆಯುವ ಸ್ಪ್ಲಿಟರ್ ಎರಡು ಬಂದರೆ ತಲಾ ಹತ್ತೂವರೆಯಂತೆ 21 ಡಿಬಿ ಹೋಯಿತು. ಎಂಟು ಕಿಲೋಮೀಟರ್ ಫೈಬರ್, ಕಿಲೋಮೀಟರಿಗೆ ಹೆಚ್ಚೆಂದರೆ 0.35ರಂತೆ, ಸುಮಾರು 3 ಡಿಬಿ. ಜಾಯಿಂಟು, ಕನೆಕ್ಟರ್ ಒಂದೆರಡು. ನಿಮ್ಮ ಮನೆಯ ಫೈಬರ್ ಡಬ್ಬಿಗೆ (ಮೋಡೆಮ್) ಮುಟ್ಟುವುದು ಮೈನಸ್ 21, 22. ಡಬ್ಬಿ ಓದಬಲ್ಲದ್ದು ಸುಮಾರು ಮೈನಸ್ 27ರ ತನಕ. ಕೈಯಲ್ಲಿ ಉಳಿದ ಗಂಟು ಐದಾರು ಡಿಬಿ ಮಾತ್ರ. ಯಂತ್ರದಲ್ಲಿ ಬೆಸೆದ ಜಾಯಿಂಟ್ 0.1 ಡಿಬಿ ತಿಂದರೆ, ಕೈಯಲ್ಲಿ ಸಿಕ್ಕಿಸಿ ಟೇಪು ಸುತ್ತಿದ ಜಾಯಿಂಟ್ ಒಂದೊಂದು ಡಿಬಿಯನ್ನೇ ತಿನ್ನಬಹುದು, ನೀರು ಹೊಕ್ಕರೆ ಇನ್ನೂ ಹೆಚ್ಚು. ನಾಲ್ಕೈದು ಸಲ ಕಡಿದು ಹಾಗೆ ಕಟ್ಟಿದ ಮೇಲೆ ಬೇಸಿಗೆಯಲ್ಲಿ ಓಡುವ ನೆಟ್ ಆಷಾಢದಲ್ಲಿ ಕೆಂಪು ದೀಪ ಮಿನುಗಿಸುತ್ತದೆ. ಜನ ಕಂಪನಿಯನ್ನು ಬೈಯುತ್ತಾರೆ, ತಪ್ಪು ಟೇಪಿನಲ್ಲಿರುತ್ತದೆ.

ಆದ್ದರಿಂದ ಕೇಬಲ್‌ನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಸ್ಪ್ಲೈಸಿಂಗ್ ಯಂತ್ರದಲ್ಲೇ ಬೆಸೆಯಬೇಕು. ಕೊನೆಯಲ್ಲಿ ಪವರ್ ಮೀಟರ್ ಹಿಡಿದು ಓದಿದ ಅಂಕಿಯನ್ನು ನಿಮ್ಮೆದುರೇ ಬರೆದುಕೊಡಬೇಕು, ಮೈನಸ್ 24ಕ್ಕಿಂತ ಕೆಟ್ಟದಿದ್ದರೆ ಬಾಕಿ ಹಣ ತಡೆಹಿಡಿಯಿರಿ. ಎರಡೂ ತುದಿಯಲ್ಲಿ ಹದಿನೈದು ಮೀಟರ್ ಸುರುಳಿ ಹೆಚ್ಚುವರಿ ಬಿಡಬೇಕು, ಕಡಿದಾಗ ಎಳೆದು ಬೆಸೆಯಲು ಬೇಕಾಗುತ್ತದೆ. ಆರು ಮನೆಯವರೂ ಸೇರಿ ಆರು ಎಳೆಯ ಕೇಬಲ್ ಎಳೆಸಿದರೆ ಖರ್ಚು ಹಂಚಿಹೋಗುತ್ತದೆ, ಒಂದು ಎಳೆ ಕೆಟ್ಟರೂ ಬೇರೆ ಎಳೆಗೆ ಹಾಕಿಕೊಳ್ಳಬಹುದು.

ದಾರಿಯ ಆಯ್ಕೆ ಇನ್ನೂ ಮುಖ್ಯ. ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗುವುದು ಸುಲಭ, ಹಾಗಾಗಿಯೇ ಎಲ್ಲರೂ ಮಾಡುತ್ತಾರೆ. ಗಾಳಿಗೆ ಮರಗಳು ಒಂದೊಂದು ಕಡೆ ತೂಗುತ್ತವೆ, ಕೇಬಲ್ ಜಗ್ಗುತ್ತದೆ. ನೀರು ಕುಡಿದ ಸೋಗೆ ಹಾಳೆ ಸಮೇತ ಮೇಲಿನಿಂದ ಬೀಳುತ್ತದೆ. ಕೊಯ್ಲಿಗೆ, ಔಷಧಿ ಹೊಡೆಯಲು ಬಂದವರ ದೋಟಿಗೆ ಅದು ಸಿಕ್ಕಿಕೊಳ್ಳುತ್ತದೆ, ಅವರು ಎಳೆಯುತ್ತಾರೆ. ತೋಟದ ಒಳಗೆ ಬೇಡ. ತೋಟದ ಅಂಚಿನಲ್ಲಿ, ಧರೆಯ ಬುಡದಲ್ಲಿ ಒಂದೂವರೆ ಅಡಿ ಆಳ ತೋಡಿ ಎಚ್‌ಡಿಪಿಇ ಪೈಪಿನೊಳಗೆ ಹಾಕಿಸಿ. 1.8 ಕಿಲೋಮೀಟರ್ ಪೂರ್ತಿ ಆಗದಿದ್ದರೂ ತೋಟದ ಭಾಗವಾದರೂ ಹೀಗಾಗಲಿ. ಗದ್ದೆ ಬಯಲಲ್ಲಿ ಕಂಬ ಹಾಕಿ. ಮೆಸ್ಕಾಂ ಕಂಬಕ್ಕೆ ಅನುಮತಿಯಿಲ್ಲದೆ ಕಟ್ಟಿದ್ದನ್ನು ಲೈನ್‌ಮನ್ ಕತ್ತರಿಸಿ ಬಿಸಾಡಿದರೆ ದೂರು ಹೇಳುವಂತಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಅಗ್ಗದ ಡ್ರಾಪ್ ಕೇಬಲ್ಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. 11 ಕೆವಿ ಲೈನ್ ಹರಿದು ಅದರ ಮೇಲೆ ಬಿದ್ದರೆ ಕರೆಂಟು ನಿಮ್ಮ ಜಗಲಿಗೇ ಬಂತು. ಲೋಹವೇ ಇಲ್ಲದ, ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಕೇಳಿ ಪಡೆಯಿರಿ.

ಫೈಬರಿನ ದೊಡ್ಡ ಲಾಭ ಕರೆಂಟ್ ಹೋದಾಗ ಕಾಣುತ್ತದೆ. ನಡುದಾರಿಯ ಸ್ಪ್ಲಿಟರುಗಳಿಗೆ ವಿದ್ಯುತ್ತೇ ಬೇಡ. ಎಕ್ಸ್‌ಚೇಂಜ್ ಜೀವಂತವಿದ್ದು ನಿಮ್ಮ ಮನೆಯ ಡಬ್ಬಿಗೆ ಕರೆಂಟಿದ್ದರೆ ಸಾಕು. ಡಬ್ಬಿ, ವೈಫೈ ಎರಡೂ ಸೇರಿ ಹತ್ತು, ಹನ್ನೆರಡು ವ್ಯಾಟ್. 12 ವೋಲ್ಟ್ 7 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಅವರ್, ಹೊಸದಿದ್ದಾಗ ಐದಾರು ಗಂಟೆ ನಿಭಾಯಿಸುತ್ತದೆ. ಇನ್ವರ್ಟರ್ ಇದ್ದರೆ ಚಿಂತೆಯೇ ಇಲ್ಲ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಮಲಗಿದ್ದರೂ ಜಿಯೊ, ಏರ್‌ಟೆಲ್ ನಂಬರಿನ ಕರೆಗಳು ಫೈಬರ್ ಮೂಲಕವೇ ಬರುತ್ತವೆ, ಒಟಿಪಿಯೂ ಸಾಮಾನ್ಯವಾಗಿ ಬರುತ್ತದೆ. ಗುಡುಗಿನ ಹೊತ್ತಿಗೆ ಅಡಾಪ್ಟರ್ ಪ್ಲಗ್ ಕಿತ್ತಿಡಿ. ಸಿಡಿಲು ಡಬ್ಬಿಗೆ ಬರುವುದು ಬಹುತೇಕ ಕರೆಂಟ್ ಲೈನಿನಿಂದಲೇ.

ಸ್ಟಾರ್‌ಲಿಂಕ್ ಬಗ್ಗೆ ಚುಟುಕಾಗಿ. 2021ರಲ್ಲಿ ಲೈಸೆನ್ಸ್ ಇಲ್ಲದೆಯೇ ಭಾರತದಲ್ಲಿ 99 ಡಾಲರಿಗೆ ಮುಂಗಡ ಬುಕಿಂಗ್ ತೆಗೆದುಕೊಂಡು, ದೂರಸಂಪರ್ಕ ಇಲಾಖೆ ಗದರಿದ ಮೇಲೆ ಹಣ ವಾಪಸು ಕೊಟ್ಟ ಕಂಪನಿ ಇದು. ಲೈಸೆನ್ಸ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಲೈಸೆನ್ಸ್ ಎಂದರೆ ನಿಮ್ಮ ಸೂರಿನ ಮೇಲಿನ ತಟ್ಟೆಯಲ್ಲ, ಅದರ ನಂತರ ತರಂಗಾಂತರ, ಭದ್ರತೆ, ಉಪಗ್ರಹದೊಂದಿಗೆ ಮಾತಾಡುವ ನೆಲದ ಕೇಂದ್ರ (ಗೇಟ್‌ವೇ) ಎಂದು ಮೆಟ್ಟಿಲುಗಳಿವೆ. ಬುಕ್ ಮಾಡಿಸಿಕೊಡುತ್ತೇನೆ ಎಂದು ಬರುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಂತ್ರಜ್ಞಾನ ಒಳ್ಳೆಯದೇ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ಸುತ್ತ ಅಡಿಕೆ, ಹಿಂದೆ ಗುಡ್ಡ ಇರುವ ಅಂಗಳದಲ್ಲಿ ಉಪಗ್ರಹ ಮರದ ಮರೆಗೆ ಸರಿದಾಗಲೆಲ್ಲ ಕೆಲವು ಸೆಕೆಂಡು ಕಡಿತ, ವಿಡಿಯೊ ಮೀಟಿಂಗಿನಲ್ಲಿ ಅದು ಗೊತ್ತಾಗುತ್ತದೆ. ಅವರ ಆ್ಯಪ್‌ನಲ್ಲಿ ಫೋನನ್ನು ಆಕಾಶಕ್ಕೆ ತೋರಿಸಿ ಎಷ್ಟು ತಡೆಯಿದೆ ಎಂದು ಉಚಿತವಾಗಿ ನೋಡಬಹುದು. ಜಡಿಮಳೆ ಹೊಡೆಯುವಾಗ ಸಿಗ್ನಲ್ ಸೊರಗುತ್ತದೆ. ದೊಡ್ಡ ತಟ್ಟೆ 75ರಿಂದ 100 ವ್ಯಾಟ್ ಎಳೆಯುತ್ತದೆ, ಅಂದರೆ ಫೈಬರ್ ಡಬ್ಬಿಯ ಎಂಟು ಪಟ್ಟು. ಫೈಬರ್ ಎಳೆಯಲು ದಾರಿಯೇ ಇಲ್ಲದ ಒಂಟಿ ಮನೆಗಳಿಗೆ ಅದು ಬರಲಿ, ನಿಮಗೆ ಬೇಕಿಲ್ಲ.

ಸರ್ಕಾರದ ಮಾತು ಸುಳ್ಳೇ ಎಂದು ಕೇಳಿದ್ದೀರಿ. ಸುಳ್ಳಲ್ಲ, ಲೆಕ್ಕದ ಬಗೆ ಬೇರೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯುವ 26,316 ಕೋಟಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2022ರ ಜುಲೈನಲ್ಲಿ. ಇಂಥ ಪಟ್ಟಿಗಳಲ್ಲಿ ಊರು ಎಂದರೆ ಕಂದಾಯ ಗ್ರಾಮ. ಬಯಲುಸೀಮೆಯಲ್ಲಿ ಗ್ರಾಮವೆಂದರೆ ಒಂದೇ ಕಡೆ ಇನ್ನೂರು ಮನೆ, ಒಂದು ಟವರ್ ಎಲ್ಲರಿಗೂ ಸಾಕು. ನಮ್ಮಲ್ಲಿ ಗ್ರಾಮವೆಂದರೆ ಎರಡು ಗುಡ್ಡ, ಮೂರು ಹಳ್ಳ, ಹತ್ತು ಮಜರೆ. ಶಾಲೆಯ ಹತ್ತಿರ ಸಿಗ್ನಲ್ ಬಂದರೆ ಇಡೀ ಗ್ರಾಮ ಪಟ್ಟಿಯಿಂದ ಹೊರಗೆ. ಬಯಲಿನ ಅಳತೆಗೋಲು ಹಿಡಿದು ಘಟ್ಟ ಅಳೆದರೆ ಹೀಗೇ ಆಗುವುದು.

ಬಿಎಸ್‌ಎನ್‌ಎಲ್ ತಡವಾಗಿದ್ದಕ್ಕೆ ಇನ್ನೊಂದು ಕಾರಣ, ಸ್ವದೇಶಿ 4ಜಿ ಉಪಕರಣವನ್ನೇ ಹಾಕಬೇಕೆಂಬ ತೀರ್ಮಾನ. ಜಿಯೊ 4ಜಿ ಶುರುಮಾಡಿದ್ದು 2016ರಲ್ಲಿ. ತೇಜಸ್ ನೆಟ್‌ವರ್ಕ್ಸ್, ಸಿ-ಡಾಟ್, ಟಿಸಿಎಸ್ ಸೇರಿ ಕಟ್ಟಿದ ಜಾಲವನ್ನು ಪ್ರಧಾನಿ ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು. ಆ ತೀರ್ಮಾನ ತಪ್ಪೆಂದು ನಾನು ಹೇಳುವುದಿಲ್ಲ, ಉಪಕರಣ ನಮ್ಮದೇ ಇರುವುದು ಒಳ್ಳೆಯದು. ಆದರೆ ಅದರ ಬೆಲೆ ತೆತ್ತವರು ದೆಹಲಿಯವರಲ್ಲ, ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಟವರ್ ಇಲ್ಲದ ಊರಿನವರು. ಹೊಸ ಟವರುಗಳಲ್ಲಿ ಬಹಳಷ್ಟು ಸೌರಶಕ್ತಿಯವು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಮುಖ ತೋರಿಸದ ಕಡೆ ದೊಡ್ಡ ಬ್ಯಾಟರಿ, ಜನರೇಟರಿಗೆ ಡೀಸೆಲ್ ಎರಡೂ ಇಲ್ಲದೆ ಅದು ನಡೆಯುವುದಿಲ್ಲ. ನಿಮ್ಮ ಟವರ್ ಒಂದು ಗಂಟೆಗೆ ಮಲಗುತ್ತದೆ ಎಂದರೆ ಬ್ಯಾಟರಿ ಮುದಿಯಾಗಿದೆ ಮತ್ತು ಜನರೇಟರ್ ಇಲ್ಲ ಅಥವಾ ಅದಕ್ಕೆ ಎಣ್ಣೆ ಇಲ್ಲ. ಇದು ತಂತ್ರಜ್ಞಾನದ ಸಮಸ್ಯೆಯಲ್ಲ, ನಿರ್ವಹಣೆಯ ಹಣದ ಸಮಸ್ಯೆ.

ಖಾಸಗಿಯವರು 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೊದ 239ರ ಪ್ಯಾಕು 299 ಆಯಿತು. ಆ ಹೆಚ್ಚುವರಿ ಹಣ ಆರು ಮನೆಯ ಮಜರೆಗೆ ಟವರಾಗಿ ಬರುವುದಿಲ್ಲ, ಅವರು ವ್ಯಾಪಾರಸ್ಥರು. ನನ್ನ ತಕರಾರು ಅವರ ಮೇಲಲ್ಲ. ಅವರ ಹೊಂದಾಣಿಕೆಯಾದ ಒಟ್ಟು ಆದಾಯದಲ್ಲಿ ನೂರಕ್ಕೆ ಐದರಂತೆ ಸರ್ಕಾರ ಪಡೆಯುತ್ತದಲ್ಲ, ಈಗ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರಿನದು, ಅದು ಇರುವುದೇ ನಿಮ್ಮಂಥ ಊರುಗಳಿಗೆ. ಉದ್ಯೋಗ ಖಾತ್ರಿ ಹಾಜರಿಗೆ 2023ರ ಜನವರಿಯಿಂದ ಆ್ಯಪ್ ಕಡ್ಡಾಯ ಮಾಡಲು ತೋರಿದ ಅವಸರವನ್ನು ಆ ಆ್ಯಪ್ ಓಡುವ ಟವರಿಗೆ ತೋರಲಿಲ್ಲ.

ದೂರು ಕೊಡಿ, ಆದರೆ ಅಂಕಿ ಇಟ್ಟುಕೊಂಡು ಕೊಡಿ. ಮೂರು ದಿನ ಬರೆದಿಟ್ಟ ಪಟ್ಟಿ, ಕರೆಂಟ್ ಹೋದ ಸಮಯ, ಟವರ್ ಸತ್ತ ಸಮಯ, ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕಾದ ವ್ಯಾಪ್ತಿ ನಕ್ಷೆಯಲ್ಲಿ ನಿಮ್ಮ ಊರಿಗೆ ಬಣ್ಣ ಬಳಿದಿದ್ದರೆ ಅದರ ಸ್ಕ್ರೀನ್‌ಶಾಟ್. ಬಿಎಸ್‌ಎನ್‌ಎಲ್‌ನ 1503ಕ್ಕೆ ಕರೆಮಾಡಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವಿದೆ. ಟೆಲಿಕಾಂ ಕಂಪನಿಗಳ ವಿರುದ್ಧ ಅಲ್ಲಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ, 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2024ರ ನಿಯಮದಲ್ಲಿ ಸೇವೆ 24 ಗಂಟೆ ನಿಂತರೆ ಪರಿಹಾರ ಎಂದು ಪತ್ರಿಕೆಯಲ್ಲಿ ಓದಿರಬಹುದು. ಅದು ಜಿಲ್ಲಾ ಮಟ್ಟದ ದೊಡ್ಡ ಕಡಿತಕ್ಕೆ, ಒಂದು ಟವರ್ ಮಲಗಿದ್ದಕ್ಕಲ್ಲ. ಫೈಬರ್ ಹಾಕಿಸಿದ ಮೇಲೆ ದುರಸ್ತಿ ಮೂರು ದಿನ ದಾಟಿದರೆ ಮಾತ್ರ ಬಾಡಿಗೆಯಲ್ಲಿ ಕಡಿತ ಕೇಳಿ.

ಟವರ್ ವಿಷಯದಲ್ಲಿ ಒಬ್ಬೊಬ್ಬರ ದೂರಿಗಿಂತ ಗ್ರಾಮಸಭೆಯ ನಿರ್ಣಯ ಕೆಲಸಕ್ಕೆ ಬರುತ್ತದೆ. ಆ 4ಜಿ ಯೋಜನೆಯಲ್ಲಿ ಶೇ. 20ರಷ್ಟು ಹೆಚ್ಚುವರಿ ಊರುಗಳನ್ನು ಸೇರಿಸಲು ಅವಕಾಶ ಇಟ್ಟಿದ್ದಾರೆ. ನಿರ್ಣಯದಲ್ಲಿ ಗ್ರಾಮದ ಹೆಸರಷ್ಟೇ ಬರೆಯದೆ ಮಜರೆಯ ಹೆಸರು, ಮನೆಗಳ ಸಂಖ್ಯೆ, ಫೋನಿನ ನಕ್ಷೆಯಿಂದ ತೆಗೆದ ಅಕ್ಷಾಂಶ-ರೇಖಾಂಶ ಬರೆಯಿಸಿ. ಟವರಿಗೆ ಜಾಗ ಸೂಚಿಸುವುದಾದರೆ ಅರಣ್ಯದ ಗಡಿಯೊಳಗಿನದ್ದು ಬೇಡ, ಅನುಮತಿಯಲ್ಲೇ ವರ್ಷಗಳು ಹೋಗುತ್ತವೆ. ಕಂದಾಯ ಜಮೀನಿನ ಸರ್ವೆ ನಂಬರ್ ಕೊಡಿ.